ಸೇತುವೆಯ ಪಟ್ಟಿಯಲ್ಲಿಲ್ಲದ ಕಂಪನಿ

“ಈ ಪಟ್ಟಿ ಸುಳ್ಳು!”

ಮೇಜಿನ ಮೇಲೆ ಕಾಗದ ಬಂದು ಬಿದ್ದ ರಭಸಕ್ಕೆ ಸೈನ್ಯದ ದಾಖಲೆ ಕೋಣೆಯ ಅಧಿಕಾರಿ ತಲೆಯೆತ್ತಿದ. ಎದುರಿಗೆ ನಿಂತವಳಿಗೆ ಮೂವತ್ತು ದಾಟಿತ್ತು. ಮೆಟ್ಟಿಲು ಹತ್ತಿ ಬಂದ ಏದುಸಿರು ಇನ್ನೂ ಅಡಗಿರಲಿಲ್ಲ.

“ಕೂತ್ಕೊಳ್ಳಿ...”

“ಕೂರೋಕೆ ಬಂದಿಲ್ಲ. ಸೇತುವೆ ಕಾಳಗದಲ್ಲಿ ಹೋರಾಡಿದ ತುಕಡಿಗಳು ಅಂತ ಏಳು ಹೆಸರು ಹೊರಗೆ ಅಂಟಿಸಿದ್ದೀರಲ್ಲ... ಅದ್ರಲ್ಲಿ ನಮ್ಮಪ್ಪ ಇದ್ದ ಸಾಗಣೆ ಕಂಪನಿ ಎಲ್ಲಿ?”

“ಅವತ್ತು ಅದು ಹದಿನೆಂಟು ಮೈಲಿ ಹಿಂದೆ ಇತ್ತು ಅಂತ ದಾಖಲೆ ಹೇಳುತ್ತೆ.”

“ಹಂಗಾದ್ರೆ ನಮ್ಮಪ್ಪ ಎಲ್ಲಿಗೆ ಹೋದ್ರು?”

ಅವನು ಪಟ್ಟಿಯನ್ನು ತನ್ನತ್ತ ಎಳೆದುಕೊಂಡ.

ಆ ಕಾಳಗ ನಡೆದು ಮೂವತ್ತನಾಲ್ಕು ವರ್ಷವಾಗಿತ್ತು. ಒಂದೇ ದಿನದಲ್ಲಿ ಮುಗಿದುಹೋದ ಅದಕ್ಕೆ ಯುದ್ಧದ ದಪ್ಪ ಪುಸ್ತಕಗಳಲ್ಲಿ ಎರಡು ಸಾಲೂ ಸಿಕ್ಕಿರಲಿಲ್ಲ. ಈಗ ಸೇತುವೆಯ ಬಳಿ ಕಲ್ಲು ನಿಲ್ಲಿಸಬೇಕೆಂದು ತೀರ್ಮಾನವಾಗಿ, ಅಲ್ಲಿ ಹೋರಾಡಿದವರು ಯಾರ್‍ಯಾರೆಂದು ಹುಡುಕುವ ಕೆಲಸ ಅವನ ಪಾಲಿಗೆ ಬಂದಿತ್ತು.

ಅವಳ ತಂದೆ ಸೈನ್ಯದ ಸಾಗಣೆ ಕಂಪನಿಯಲ್ಲಿ ಲಾರಿ ಚಾಲಕ. ಕಂಪನಿ ಹಿಂದೆಯೇ ಇದ್ದ ದಿನ ಕಾಣೆಯಾದ ಕಾರಣ, ಸೈನ್ಯ ಅವರನ್ನು ‘ಓಡಿಹೋದವನು’ ಎಂದು ಬರೆದುಕೊಂಡಿತ್ತು. ಆಗ ಅವಳಿನ್ನೂ ಹೊಟ್ಟೆಯಲ್ಲಿದ್ದಳು. ಅಂದಿನಿಂದ ತಾಯಿ ಇತ್ತ ಗಂಡನುಳ್ಳವಳೂ ಅಲ್ಲ, ಅತ್ತ ವಿಧವೆಯೂ ಅಲ್ಲ ಎಂಬಂತೆ ಬದುಕಿದ್ದಳು. ಈಗ ಹಾಸಿಗೆ ಹಿಡಿದಿದ್ದಳು. ವೈದ್ಯರು ತಿಂಗಳುಗಳ ಮಾತು ಬಿಟ್ಟು ವಾರಗಳ ಮಾತಿಗೆ ಬಂದಿದ್ದರು.

“ಅವ್ರು ಓಡಿಹೋಗ್ಲಿಲ್ಲ ಅನ್ನೋದು ದೇವರಿಗೆ ಗೊತ್ತಮ್ಮ,” ಎನ್ನುತ್ತಿದ್ದಳು ತಾಯಿ. “ಪಕ್ಕದ ಮನೆಯವ್ರಿಗೂ ಗೊತ್ತಾಗ್ಲಿ ಅಂತ ಆಸೆ, ಅಷ್ಟೆ.”

ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು. ಗುರುವಾರ ಅಂಗಡಿಗೆ ರಜೆ. ಅಂದಿನಿಂದ ಪ್ರತಿ ಗುರುವಾರ ದಾಖಲೆ ಕೋಣೆಗೆ ಬಂದಳು. ಮೂರನೆಯ ವಾರ ಅವನ ಮೇಜಿನ ಪಕ್ಕ ಎರಡನೆಯ ಕುರ್ಚಿಯೊಂದು ತಾನಾಗಿಯೇ ಎಂಬಂತೆ ಬಂದು ಕುಳಿತಿತ್ತು!

ಪಡಿತರದ ಪುಸ್ತಕ, ಆಸ್ಪತ್ರೆಯ ಪುಸ್ತಕ, ತಂತಿ ಸಂದೇಶಗಳ ಕಟ್ಟು... ಯಾವ ತುಕಡಿ ಎಲ್ಲಿ ಉಂಡಿತು, ಯಾರ ಗಾಯಕ್ಕೆ ಎಲ್ಲಿ ಪಟ್ಟಿ ಕಟ್ಟಿದರು ಎಂಬುದನ್ನು ಹಿಡಿದು ಅವನು ಹುಡುಕುತ್ತಿದ್ದ.

“ಒಂದು ಕಾಗದ ಸಿಕ್ಕಿದ್ರೆ ಸಾಲ್ದು. ಬೇರೆ ಕಡೆಯಿಂದ ಎರಡನೇದು ಸಿಗ್ಬೇಕು. ಆಮೇಲೇ ನಾನು ಬಾಯಿ ಬಿಡೋದು.”

“ಮೊದ್ಲು ನಿಮ್ಮ ಕನ್ನಡಕ ಬದಲಾಯ್ಸಿ. ಮೂರನ್ನ ಎಂಟು ಅಂತ ಓದ್ತಿದ್ದೀರಿ!”

ಮುಂದಿನ ಗುರುವಾರ ತಾನೇ ಉಜ್ಜಿದ ಗಾಜು ಕೂರಿಸಿದ ಕನ್ನಡಕ ತಂದುಕೊಟ್ಟಳು. ಹಾಕಿಕೊಂಡು ಅವನು ಮೊದಲು ನೋಡಿದ್ದು ಕಾಗದವನ್ನಲ್ಲ, ಅವಳನ್ನು. ಅವಳು ತಟ್ಟನೆ ಪುಸ್ತಕದ ಕಡೆ ತಿರುಗಿದಳು. ‘ಛೆ, ಅಮ್ಮ ಅಲ್ಲಿ ಹಾಗೆ ಮಲಗಿರುವಾಗ ನನಗೇನಿದು!’

ಮನೆಯಲ್ಲಿ ತಾಯಿ ಕೇಳುತ್ತಿದ್ದಳು, “ದಾಖಲೆಯೋರು ಏನಂದ್ರು?”

“ಇನ್ನೂ ಸಿಕ್ಕಿಲ್ಲವಂತೆ.”

“ಅವ್ರಿಗೆ ಮದುವೆ ಆಗಿದ್ಯಾ?”

“ಅಮ್ಮಾ!”

“ಅದಕ್ಕೂ ದಾಖಲೆ ಇದ್ರೆ ನೋಡ್ಕೊಂಡು ಬಾ ಅಂದೆ ಕಣೇ...”

ನಗುನಗುತ್ತಲೇ ಕೆಮ್ಮು ಬಂತು. ಆ ಕೆಮ್ಮು ಮತ್ತೆ ಪೂರ್ತಿ ನಿಲ್ಲಲಿಲ್ಲ. ಒಂದು ಮುಂಜಾನೆ ಪ್ರಾರ್ಥನೆ ಹೇಳುತ್ತ ಹೇಳುತ್ತ ಆ ತಾಯಿಯ ತುಟಿ ಸುಮ್ಮನಾಯಿತು. ಕರೆದುಕೊಂಡವನು ಕರುಣಾಳುವೇ ಇರಬೇಕು. ಉಳಿದವರಿಗೆ ಆ ಕರುಣೆ ಕಾಣಲು ಬಹಳ ದಿನ ಬೇಕು.

ಒಂಬತ್ತು ದಿನ ಕಳೆದು ಅವಳು ದಾಖಲೆ ಕೋಣೆಯ ಬಾಗಿಲಲ್ಲಿ ನಿಂತಳು.

“ಅಮ್ಮ ಹೋದ್ರು. ಇನ್ನು ಹುಡುಕಬೇಡಿ.”

ಅವನ ಮುಖ ಬಿಳಿಚಿತು. ಖಾನೆ ತೆರೆದು ಆಸ್ಪತ್ರೆಯ ಪುಸ್ತಕದಿಂದ ನಕಲು ಮಾಡಿದ ಹಾಳೆಯೊಂದನ್ನು ಅವಳ ಮುಂದಿಟ್ಟ. ಕಾಳಗದ ದಿನ ಸೇತುವೆಯಿಂದ ಹೊತ್ತು ತಂದ ಒಬ್ಬ ಗಾಯಾಳು. ಮರುದಿನ ತೀರಿಕೊಂಡವನು. ಹೆಸರು ಬೇರೆ ಯಾರದೋ, ಅದರ ಮುಂದೆ ಅವಳ ತಂದೆಯ ಕಂಪನಿಯದೇ ನಂಬರು. ಅಂದರೆ ಆ ಕಂಪನಿಯವರು ಅಂದು ಸೇತುವೆಯ ಬಳಿ ಇದ್ದರು.

“ಇದು... ಯಾವತ್ತು ಸಿಕ್ತು?”

“ಹದಿನಾರು ದಿನ ಆಯ್ತು.”

ಅವಳು ಮನಸ್ಸಿನಲ್ಲೇ ಎಣಿಸಿದಳು. ಅಮ್ಮ ಇನ್ನೂ ಏಳು ದಿನ ಬದುಕಿದ್ದಳು! ಆ ಏಳು ದಿನವೂ ಕೇಳಿದ್ದಳು!

“ಒಂದು ಮಾತು... ಒಂದೇ ಒಂದು ಮಾತು ಹೇಳೋಕೆ ನಿಮ್ಮ ಗಂಟೇನು ಹೋಗ್ತಿತ್ತು? ನಿಮಗೆ ನಿಮ್ಮ ಪಟ್ಟೀನೇ ದೊಡ್ಡದಾಯ್ತು, ನಮ್ಮಮ್ಮ ಅಲ್ಲ!”

“ಎರಡನೇ ಕಾಗದ ಸಿಗ್ಲಿ ಅಂತ...”

ಅವಳು ಕೇಳಿಸಿಕೊಳ್ಳಲಿಲ್ಲ. ಮೆಟ್ಟಿಲಿಳಿದು ಹೋದವಳು ಮತ್ತೆ ಬರಲಿಲ್ಲ.

ಒಂದು ಗುರುವಾರ... ಎರಡು... ಐದು... ರಜೆಯ ದಿನ ಕಾಲು ತಾನಾಗಿ ಆ ಬೀದಿಗೆ ತಿರುಗುತ್ತಿತ್ತು. ಬೈದುಕೊಂಡು ಹಿಂದಿರುಗುತ್ತಿದ್ದಳು. ಸಿಟ್ಟಿಗಿಂತ ಹೆಚ್ಚು ನೋಯಿಸಿದ್ದು ಬೇರೆ: ಅಮ್ಮನಿಗಾಗಿ ಅತ್ತು ಹಗುರಾಗಲು ಅವಳಿಗೆ ನೆನಪಾಗುತ್ತಿದ್ದ ಒಂದೇ ಹೆಗಲು ಅವನದು!

ಆರನೆಯ ಗುರುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಅವನೇ. ಗಡ್ಡ ಬೆಳೆದಿತ್ತು, ಬಟ್ಟೆಯ ತುಂಬ ರೈಲಿನ ಧೂಳು.

“ಒಳಗೆ ಕರೀಬೇಡಿ. ಇದನ್ನ ನೋಡಿ, ಸಾಕು.”

ಅದು ದೂರದ ಊರಿನ ಉಗ್ರಾಣದಲ್ಲಿದ್ದ ಫಿರಂಗಿ ದಳದ ಪುಸ್ತಕದ ಹಾಳೆಯ ಚಿತ್ರ. ಅವನು ಬರೆದ ಪತ್ರಗಳಿಗೆ ಉತ್ತರ ಬಾರದೆ, ತಾನೇ ಹೋಗಿ ನಾಲ್ಕು ದಿನ ಪುಸ್ತಕಗಳ ಧೂಳು ಕೊಡವಿ ಹುಡುಕಿದ್ದ. ಸೇತುವೆಯ ಬಳಿ, ಕಾಳಗದ ಸಂಜೆ ನಾಲ್ಕು ಗಂಟೆಗೆ, ಸಾಗಣೆ ಕಂಪನಿಯ ಮೂರು ಲಾರಿಗಳಿಂದ ಫಿರಂಗಿ ಗುಂಡು ಇಳಿಸಿಕೊಂಡೆವು ಎಂದಿತ್ತು. ಕೆಳಗೆ ಮೂರು ಚಾಲಕರ ಸಹಿ. ನಡುವಿನದು ಅವಳ ತಂದೆಯದು.

“ಐದು ಗಂಟೆಗೆ ಸೇತುವೆ ಕುಸಿದುಬಿತ್ತು. ಲಾರಿಗಳು ಅದರ ಮೇಲೇ ಇದ್ವು ಅಂತ ಮುಂದಿನ ಸಾಲಲ್ಲಿದೆ,” ಎಂದ ಅವನು ಮೆಲ್ಲಗೆ. “ಓಡಿಹೋದವರು ಅನ್ನೋದನ್ನ ಹೊಡೆದುಹಾಕಿ, ಕಾಳಗದಲ್ಲಿ ಮಡಿದವರು ಅಂತ ಬರೋ ದಾರೀಲಿ ಸೈನ್ಯದ ಕಚೇರೀಲಿ ಬರೆಸ್ಕೊಂಡ ಆದೇಶಾನೂ ಇದೆ.”

ಅವಳು ಆ ಸಹಿಯ ಮೇಲೆ ಬೆರಳಾಡಿಸಿದಳು. ಓಲಾಡುವ, ಅವಸರದ ಅಕ್ಷರ.

“ಅಪ್ಪ... ಹೀಗೆ ಬರೀತಿದ್ರಾ?”

ಮೂವತ್ತಮೂರು ವರ್ಷದಲ್ಲಿ ಮೊದಲ ಬಾರಿಗೆ ತಂದೆಗಾಗಿ ಅತ್ತಳು. ಆಮೇಲೆ ತಾಯಿಗಾಗಿ. ಅವನು ಹೊಸ್ತಿಲಾಚೆಯೇ ನಿಂತಿದ್ದ.

“ಮುಂಚೆ ಒಂದ್ಸಲ ಒಂದೇ ಕಾಗದ ನಂಬಿ ಒಬ್ಬ ಅಜ್ಜನಿಗೆ, ನಿಮ್ಮ ಮಗನ ತುಕಡಿ ಸಿಕ್ತು ಅಂದುಬಿಟ್ಟೆ. ಬೀದಿಗೆಲ್ಲ ಹೇಳ್ಕೊಂಡು ಬಂದ್ರು. ಆಮೇಲೆ ನಂಬರು ತಪ್ಪು ಅಂತ ನಾನೇ ಹೋಗಿ ಹೇಳ್ಬೇಕಾಯ್ತು... ಆ ಮುಖ ಮರೆಯೋಕಾಗ್ಲಿಲ್ಲ. ಅದಕ್ಕೆ ಹೆದರಿದೆ. ಆದ್ರೂ ನಿಮ್ಮಮ್ಮನಿಗೆ ಹೇಳ್ಬೇಕಿತ್ತು. ತಪ್ಪು ನಂದೇ.”

“ಪೂರ್ತಿ ಕ್ಷಮಿಸೋಕೆ ಇನ್ನೂ ಆಗ್ತಿಲ್ಲ ನಂಗೆ.”

“ಕೇಳೋಕೆ ಬಂದಿಲ್ಲ.”

“ಕಾಗದ ಅಂಚೇಲಿ ಕಳಿಸ್ಬಹುದಿತ್ತಲ್ಲ. ಮತ್ಯಾಕೆ ಬಂದ್ರಿ?”

ಅವನು ಕನ್ನಡಕ ತೆಗೆದು ಒರೆಸಿದ. “ನೀವಿಲ್ದೆ ಆರು ಗುರುವಾರ ಆಯ್ತು. ಏಳನೇದು ನನ್ನ ಕೈಲಾಗಲ್ಲ... ನೀವಂದ್ರೆ ನಂಗೆ ಪ್ರಾಣ.”

ಅವಳು ಕಣ್ಣೊರೆಸಿಕೊಂಡು ಬಾಗಿಲನ್ನು ಪೂರ್ತಿ ತೆರೆದಳು.

“ಬನ್ನಿ. ಮೊದ್ಲು ಅಮ್ಮನ ಕೋಣೇಲಿ ಕೂತು ಆ ಆದೇಶಾನ ಓದಿ. ಜೋರಾಗಿ. ಪಕ್ಕದ ಮನೆಗೂ ಕೇಳೋ ಹಾಗೆ.”

ಖಾಲಿ ಹಾಸಿಗೆಯ ಎದುರು ನಿಂತು ಅವನು ಓದಿದ. ನಡುವೆ ಎರಡು ಸಲ ದನಿ ಒಡೆಯಿತು. ಓದಿ ಮುಗಿಸಿದವನ ಕೈಯನ್ನು ಅವಳು ಹಿಡಿದುಕೊಂಡಳು.

“ನಾಳೆನೂ ಬರ್ತೀರಾ?”

“ನಾಳೆ ತರೋಕೆ ನನ್ನ ಹತ್ರ ಯಾವ ಕಾಗದಾನೂ ಇಲ್ಲ.”

“ಕಾಗದ ಯಾರು ಕೇಳಿದ್ರು? ಊಟಕ್ಕೆ ಬನ್ನಿ. ಒಂದೇ ತಟ್ಟೆ ಇಟ್ಟು ಇಟ್ಟು ಸಾಕಾಗಿದೆ ನಂಗೆ.”