ಎರಡು ವರ್ಷದ ಕೊಳೆ

"ಯಾರ್ರೀ ಇದನ್ನ ತೊಳೆದಿದ್ದು?!"

ಆ ಕೂಗಿಗೆ ಮೇಜಿನ ಮೇಲೆ ಸುತ್ತುತ್ತಿದ್ದ ಪುಟಾಣಿ ರೈಲು ಕೂಡ ಗಕ್ಕನೆ ನಿಂತಿತು. ನಿಜ ಹೇಳಬೇಕೆಂದರೆ ರೈಲು ತಾನಾಗಿ ನಿಲ್ಲಲಿಲ್ಲ, ಗಾಬರಿಯಲ್ಲಿ ಅತ್ತೆ ಸ್ವಿಚ್ ಆರಿಸಿಬಿಟ್ಟಿದ್ದರು.

ಕಿಟಕಿಯ ಬಳಿ ಎತ್ತರದ ಯುವಕನೊಬ್ಬ ನಿಂತಿದ್ದ. ಅವನ ಅಂಗೈಯಲ್ಲಿ ಗೇಣುದ್ದದ ಕಪ್ಪು ಇಂಜಿನ್ ಫಳಫಳ ಹೊಳೆಯುತ್ತಿತ್ತು.

ಅತ್ತೆಯ ಪಕ್ಕ ಕೂತಿದ್ದ ಅವರ ಸೋದರಸೊಸೆ ಸಂಭ್ರಮದಿಂದ ಕೈ ಎತ್ತಿದಳು. ಆ ಕೈಯಲ್ಲಿ ಇನ್ನೂ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿತ್ತು.

"ನಾನೇ! ಬೆಳಿಗ್ಗೆಯಿಂದ ಕೂತು ತೊಳೆದೆ. ಏನು ಧೂಳು, ಏನು ತುಕ್ಕು ಅಂತೀರಾ! ಸಂದಿಗೊಂದಿಗೆಲ್ಲ ಬ್ರಷ್ ಹಾಕಿ ತೆಗೆದೆ."

"ತೆಗೆದ್ರಾ..." ಅವನು ಇಂಜಿನ್ನನ್ನು ಬೆಳಕಿಗೆ ಹಿಡಿದ. "ಎರಡು ವರ್ಷದ ಕೊಳೆ ರೀ ಅದು!"

"ಅದಕ್ಕೇ ತಾನೆ ತೊಳೆದಿದ್ದು!"

ಬೇಕರಿ ಇಟ್ಟಿದ್ದ ಹಿರಿಯರು, ಎಲ್ಲರ ಬೇಕರಿ ಮಾವ, ಬಾಯಲ್ಲಿದ್ದ ಟೀ ಆಚೆ ಬರದ ಹಾಗೆ ಕಷ್ಟಪಟ್ಟು ನುಂಗಿದರು. ಬೇರೆ ಯಾರೂ ನಗಲಿಲ್ಲ.

"ಗೊತ್ತಿಲ್ಲದೇ ಇರೋದನ್ನ ಮುಟ್ಟಬಾರ್ದು ಅನ್ನೋಷ್ಟೂ ತಿಳಿಯಲ್ವಾ ನಿಮಗೆ? ಇದು ನಮ್ಮಮ್ಮಂಗೆ ಅಂತ ಮಾಡಿದ್ದು!"

ಅಷ್ಟು ಹೇಳಿ, ಇಂಜಿನ್ನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅವನು ಧಡಧಡ ಮೆಟ್ಟಿಲಿಳಿದು ಹೋದ.

ಅವಳ ಕಣ್ಣು ತುಂಬಿ ಬಂತು. ಎಲ್ಲರೆದುರಿಗೆ! ಅದೂ ಒಳ್ಳೇದು ಮಾಡಲು ಹೋಗಿ!

"ಆ ಇಂಜಿನ್ ಮಾಡಿದೋರು ಇವರೇನಾ ಅತ್ತೆ?"

"ಇನ್ಯಾರು? ನಮ್ಮ ಲಿಫ್ಟ್."

*ಇವನಾ? ಇವನೇನಾ ಲಿಫ್ಟ್?!*

ಅವಳಿಗೆ ಹಾಗೆ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಸೈಕಲ್ ಅಂಗಡಿಯ ಮಹಡಿಯ ಮೇಲಿದ್ದ ಈ ಮಾಡೆಲ್ ರೈಲು ಸಂಘಕ್ಕೆ ಅವಳನ್ನು ಎಳೆದುಕೊಂಡು ಬಂದವರು ಸೋದರತ್ತೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ಈಗ ಗೊಂಬೆ ರೈಲಿಗೆ ಸಿಗ್ನಲ್ ಕೊಡುತ್ತಾರೆ. ಭಾನುವಾರ ಎಲ್ಲರೂ ದೊಡ್ಡ ಮೇಜಿನ ಸುತ್ತ ಸೇರುವುದು. ಆ ಮೇಜಿನ ಮೇಲೆ ಒಂದು ಪುಟ್ಟ ಊರು, ಸ್ಟೇಷನ್ನು, ಸೇತುವೆ, ಸುತ್ತಲೂ ಹಳಿ. ಉಳಿದ ಆರು ದಿನ ಫೋನಿನ ಗ್ರೂಪಿನಲ್ಲಿ ಹರಟೆ. ಯಾವ ಅಂಟು ಗಟ್ಟಿ, ಯಾರ ಹಳಿ ಸೊಟ್ಟ, ಯಾರ ಮನೆಯಲ್ಲಿ ಇನ್ನೊಂದು ಇಂಜಿನ್ ತಂದರೆ ಹೊರಗೆ ಹಾಕುತ್ತಾರಂತೆ... ಇಂಥದ್ದೇ.

ಆ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರೆಯುತ್ತಿದ್ದವನು ಲಿಫ್ಟ್. ಲಿಫ್ಟ್ ರಿಪೇರಿ ಅವನ ಕಸುಬು. "ದಿನವಿಡೀ ಮೇಲೆ ಕೆಳಗೆ ಹೋಗಿ ಸಾಕಾಗಿದೆ, ಅಡ್ಡಡ್ಡ ಹೋಗೋದು ಏನಾದ್ರೂ ಬೇಕಿತ್ತು" ಎಂದು ಸಂಘ ಸೇರಿದವನು. ಮೇಜಿನ ಮೇಲಿನ ಊರಿಗೆ ಅವನು ಹವಾಮಾನ ವರದಿ ಬರೆಯುತ್ತಿದ್ದ.

"ಇವತ್ತು ನಮ್ಮೂರಲ್ಲಿ ಮಂಜು. ಬೆಳಗಿನ ಗಾಡಿ ತಡ. ಸ್ಟೇಷನ್ ಮಾಸ್ಟರು ಒಂದು ಕಾಲಲ್ಲಿ ನಿಂತಿದ್ದಾರೆ, ಇನ್ನೊಂದಕ್ಕೆ ಅಂಟು ಹಾಕ್ಬೇಕು."

"ನಮ್ಮ ಕಡೆ ಬಿಸಿಲು ಕಣಯ್ಯ, ಬಲ್ಬ್ ಹತ್ತಿರ ಇದೆ," ಎಂದು ಬೇಕರಿ ಮಾವ ಉತ್ತರಿಸುತ್ತಿದ್ದರು.

ಅವಳು ಹಾಸಿಗೆಯಲ್ಲೇ ಓದಿ ಒಬ್ಬಳೇ ನಗುತ್ತಿದ್ದಳು, ಎಲ್ಲರಿಗಿಂತ ಮೊದಲು ಒಂದು ನಗುಮುಖದ ಚಿತ್ರವನ್ನೂ ಕಳಿಸುತ್ತಿದ್ದಳು. ಬರೆದವನು ಹೇಗಿರಬಹುದು ಎಂಬ ಹುಳ ತಲೆಗೆ ಹೊಕ್ಕು ತಿಂಗಳಾಗಿತ್ತು. ಕೆಟ್ಟ ಲಿಫ್ಟುಗಳಿಗೆ ಭಾನುವಾರ ಗೊತ್ತಾಗುವುದಿಲ್ಲವಲ್ಲ, ಆದ್ದರಿಂದ ಅವನು ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಕಿಟಕಿಯ ಬಳಿಯ ಇಂಜಿನ್ ಅವನದು ಎಂದು ತಿಳಿದೇ ಅವಳು ಅದನ್ನು ತೊಳೆಯಲು ಕೂತಿದ್ದು. ಬಂದಾಗ ನೋಡಿ ಖುಷಿಪಡಲಿ ಎಂದು!

"ಅದು ಧೂಳಲ್ಲಮ್ಮ," ಅತ್ತೆ ತಲೆ ಸವರಿದರು. "ಬಣ್ಣ. ಹೊಸ ಇಂಜಿನ್ ಆಟದ ಸಾಮಾನಿನ ಥರ ಕಾಣುತ್ತೆ ಅಂತ ನಾವೇ ಮಸಿ ಬಳಿದು, ತುಕ್ಕು ಇಳಿಸಿ, ಎಣ್ಣೆ ಕಲೆ ಮಾಡ್ತೀವಿ. ಕೂದಲಷ್ಟು ಸಣ್ಣ ಬ್ರಷ್‌ನಲ್ಲಿ. ಪಾಪ, ಅವನ ಶ್ರಮ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು."

"ಅಯ್ಯೋ..." ಅವಳು ನಾಲಿಗೆ ಕಚ್ಚಿಕೊಂಡಳು. ಅವಳಿಗಂತೂ ಇದು ತಿಳಿಯಬೇಕಿತ್ತು! ಹಲ್ಲಿನ ಲ್ಯಾಬಿನಲ್ಲಿ ಅವಳ ಕೆಲಸವೇ ಕಟ್ಟುವ ಹಲ್ಲು ಮಾಡುವುದು. ಹೊಸ ಹಲ್ಲು ಬೆಳ್ಳಗಿದ್ದರೆ ಸುಳ್ಳು ಎಂದು ಗೊತ್ತಾಗಿಬಿಡುತ್ತದೆ. ಅದಕ್ಕೇ ಪಕ್ಕದ ಹಲ್ಲು ನೋಡಿಕೊಂಡು ತುಸು ಹಳದಿ, ತುಸು ಕಂದು ಹಚ್ಚುವವಳು ಅವಳೇ. ಅವಳ ಕೈಯಿಂದಲೇ ಹೀಗಾಗಬೇಕಾ?

ಮರುದಿನ ಬೆಳಿಗ್ಗೆ ಗ್ರೂಪಿನಲ್ಲಿ ಹವಾಮಾನ ಇರಲಿಲ್ಲ.

"ಏನಯ್ಯಾ ಲಿಫ್ಟ್, ಇವತ್ತು ನಮ್ಮೂರಲ್ಲಿ ಬೆಳಗಾಗಲ್ವಾ?" ಬೇಕರಿ ಮಾವ ಕೇಳಿದರು.

ಪರದೆಯ ಮೇಲೆ 'ಲಿಫ್ಟ್ ಟೈಪ್ ಮಾಡುತ್ತಿದ್ದಾರೆ' ಎಂದು ಬಂತು. ಅವಳು ಎದ್ದು ಕೂತಳು. ಅದು ಹೋಯಿತು. ಮತ್ತೆ ಬಂತು. ಮತ್ತೆ ಹೋಯಿತು. ಕೊನೆಗೆ ಏನೂ ಬರಲಿಲ್ಲ.

ಮಾರನೇ ದಿನವೂ ಅದೇ ಕಥೆ. ಅದರ ಮರುದಿನವೂ.

*ಏನು ಬರೀತಾನೆ? ಯಾಕೆ ಅಳಿಸ್ತಾನೆ? ನನ್ನ ಬೈಯೋಕಾ?* ಬೈದರೂ ಪರವಾಗಿಲ್ಲ, ಏನಾದರೂ ಬರೆಯಲಿ ಎನ್ನಿಸುತ್ತಿತ್ತು ಅವಳಿಗೆ. ಅವನ ನಾಲ್ಕು ಸಾಲಿಲ್ಲದೆ ಬೆಳಗು ಬೆಳಗೇ ಅಲ್ಲ ಎಂದು ಅರ್ಥವಾದ ಕ್ಷಣ ಅವಳಿಗೇ ಹೆದರಿಕೆಯಾಯಿತು. ಮುಖವನ್ನು ಒಮ್ಮೆ ಮಾತ್ರ ನೋಡಿದ, ಅದೂ ಕೂಗಾಡಿದ ಮನುಷ್ಯನ ಮೇಲೆ... ಛೆ!

"ನಾನಿನ್ನು ಸಂಘಕ್ಕೆ ಬರಲ್ಲ ಅತ್ತೆ," ಎಂದಳು. "ಅವರು ನನ್ನಿಂದಾನೇ ಬರೆಯೋದು ಬಿಟ್ಟಿದ್ದಾರೆ. ನಾನಿಲ್ಲದಿದ್ರೆ ಮತ್ತೆ ಶುರು ಮಾಡ್ತಾರೆ."

"ನೀನೊಬ್ಬಳು! ಅವನ್ನೇ ಕೇಳಬಾರ್ದಾ?"

"ಕೇಳೋ ಮುಖ ಎಲ್ಲಿದೆ ನನಗೆ?"

ಹೋಗುವ ಮೊದಲು ಮಾಡಿದ್ದನ್ನು ಸರಿಮಾಡಬೇಕಲ್ಲ! ಅಂಥದ್ದೇ ಹೊಸ ಇಂಜಿನ್ ತಂದು ಲ್ಯಾಬಿನಲ್ಲಿ ಊಟದ ಬಿಡುವಿನಲ್ಲಿ ಕೊಳೆ ಮಾಡಲು ಕೂತಳು. ಈಗ ಅವಳಿಗೆ ಎಲ್ಲೆಲ್ಲೂ ಕೊಳೆಯ ಮೇಲೇ ಕಣ್ಣು. ಬಸ್ಸಿನ ಹೊಗೆ ಕೊಳವೆಯ ಮಸಿ ಎಲ್ಲಿಂದ ಶುರುವಾಗುತ್ತದೆ? ಮಳೆನೀರಿನ ಪೈಪಿನಡಿ ತುಕ್ಕು ಯಾಕೆ ಉದ್ದಕ್ಕೆ ಇಳಿಯುತ್ತದೆ? ಗೇಟಿನ ಮುಂದೆ ನಿಂತು ನೋಡುವುದನ್ನು ಕಂಡ ಕಾವಲುಗಾರ, "ಏನಮ್ಮಾ, ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿಯೂ ಬಿಟ್ಟ.

ಶನಿವಾರ ಸಂಜೆ ಆ ಇಂಜಿನ್ನನ್ನು ಚೀಲದಲ್ಲಿಟ್ಟುಕೊಂಡು ಅವಳು ಲ್ಯಾಬಿನಿಂದ ಹೊರಟಳು. ಅತ್ತೆಯ ಕೈಗೆ ಕೊಟ್ಟುಬಿಟ್ಟರೆ ಮುಗಿಯಿತು. ಲಿಫ್ಟ್ ಹತ್ತಿದಳು. ಎರಡು ಮಹಡಿ ಇಳಿದಿತ್ತೋ ಇಲ್ಲವೋ... ಗಡಕ್! ನಿಂತೇಬಿಟ್ಟಿತು.

ಗಂಟೆ ಒತ್ತಿ ಕಾದಳು. ತುಸು ಹೊತ್ತಿನ ಮೇಲೆ ಹೊರಗಿನಿಂದ ಸಾಮಾನಿನ ಪೆಟ್ಟಿಗೆಯ ಸದ್ದು ಕೇಳಿಸಿತು.

"ಒಳಗಿರೋರು ಹೆದರ್ಬೇಡಿ! ಎಷ್ಟು ಜನ ಇದ್ದೀರಾ?"

ಆ ಧ್ವನಿ! ಒಮ್ಮೆ ಕೇಳಿದ್ದು ಸಾಲದೇ?

"ಒ... ಒಬ್ಬಳೇ," ಎಂದಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು.

"ಒಂದ್ ಸ್ವಲ್ಪ ಹೊತ್ತು, ತೆಗೆದುಬಿಡ್ತೀನಿ. ಅಲ್ಲೀವರೆಗೂ ಮಾತಾಡ್ತಾ ಇರಿ. ಒಳಗೆ ಸಿಕ್ಕೊಂಡೋರನ್ನ ಮಾತಾಡಿಸ್ತಾ ಇರ್ಬೇಕು ಅನ್ನೋದು ನಮ್ಮ ಕೆಲ್ಸದ ನಿಯಮ."

ಅವಳಿಗೆ ಲಿಫ್ಟ್ ಎಂದರೆ ಚೂರೂ ಭಯವಿಲ್ಲ. ಆದರೆ ಕುತೂಹಲ ಬಿಡಬೇಕಲ್ಲ!

"ನನಗೆ ಮಾತಾಡಕ್ಕೆ ಭಯ ಆಗ್ತಿದೆ. ನೀವೇ ಏನಾದ್ರೂ ಹೇಳಿ..."

"ನಾನಾ? ನನ್ನ ಹತ್ರ ರೈಲು ಬಿಟ್ಟು ಬೇರೆ ಮಾತಿಲ್ಲ ಮೇಡಂ. ಆಟದ ರೈಲು."

"ಅದನ್ನೇ ಹೇಳಿ."

ಸ್ಪ್ಯಾನರ್ ತಿರುಗಿಸುತ್ತಾ ಅವನು ಹೇಳತೊಡಗಿದ. "ನಮ್ಮಮ್ಮ ರೈಲ್ವೆ ಶೆಡ್‌ನಲ್ಲಿ ಇಂಜಿನ್ ತೊಳೆಯೋ ಕೆಲ್ಸ ಮಾಡ್ತಿದ್ರು. ಅವರು ತೊಳೀತಿದ್ದ ಇಂಜಿನ್ನೇ ಚಿಕ್ಕದಾಗಿ ಮಾಡಿ ಕೊಡೋಣ ಅಂತ ಎರಡು ವರ್ಷ ಕೂತು ಒಂದೊಂದು ಕಲೇನೂ ಬಿಡಿಸಿದೆ. ಅಮ್ಮ ಗುರುತು ಹಿಡೀಲಿ ಅಂತ. ಒಬ್ಬ ಹುಡುಗಿ ಬಂದು... ತೊಳೆದುಬಿಟ್ರು!"

"ತುಂಬಾ ಕೋಪ ಬಂದಿರ್ಬೇಕು ಅಲ್ವಾ?"

"ಬಂತು. ಬಾಯಿಗೆ ಬಂದಂಗೆ ಅಂದೂಬಿಟ್ಟೆ. ಆಮೇಲೆ ಅದನ್ನ ಹಾಗೇ ಮನೆಗೆ ತಗೊಂಡ್ಹೋಗಿ ಅಮ್ಮನ ಮುಂದೆ ಇಟ್ಟೆ. ಅಮ್ಮ ಏನಂದ್ರು ಗೊತ್ತಾ?"

"ಏನಂದ್ರು?" ಅವಳು ಬಾಗಿಲಿಗೆ ಕಿವಿ ಹಚ್ಚಿದಳು.

"ಕಣ್ಣೀರು ಬರೋವರೆಗೂ ನಕ್ಕರು ರೀ! 'ಜನ್ಮವಿಡೀ ತಿಕ್ಕಿದ್ದೀನೋ, ಬೆಳಿಗ್ಗೆ ತೊಳೆದ್ರೆ ಸಂಜೆಗೆ ಮತ್ತೆ ಮಸಿ. ಒಂದು ದಿನಾನೂ ಇಷ್ಟು ಚೆನ್ನಾಗಿ ಕಂಡಿಲ್ಲ. ಇಂಥದ್ದನ್ನ ಕೊಳೆ ಮಾಡಿ ನನಗೇ ತಂದು ಕೊಡ್ಬೇಕು ಅಂತಿದ್ಯಾ ದಡ್ಡ! ಯಾರೋ ಆ ಹುಡುಗಿ? ಕರ್ಕೊಂಡ್ ಬಾ' ಅಂದ್ರು. ಆ ಇಂಜಿನ್ನ ನನಗೂ ಮುಟ್ಟೋಕೆ ಬಿಡ್ತಿಲ್ಲ."

ಅವಳಿಗೆ ನಗುವೂ ಬಂತು, ಅಳುವೂ ಬಂತು. *ಕೋಪ ಅಲ್ವಾ? ಹಾಗಾದ್ರೆ...* ತಡೆಯುವಷ್ಟರಲ್ಲಿ ಮಾತು ಬಾಯಿಂದ ಜಾರಿತ್ತು.

"ಮತ್ತೆ ದಿನಾ ಬೆಳಿಗ್ಗೆ ಏನೋ ಟೈಪ್ ಮಾಡಿ ಅಳಿಸ್ತೀರಲ್ಲ, ಅದೇನು?"

ಹೊರಗೆ ಸ್ಪ್ಯಾನರ್ ಸದ್ದು ನಿಂತಿತು.

"...ನಾನು ಟೈಪ್ ಮಾಡೋದು ನಿಮಗೆ ಹೇಗೆ ಗೊತ್ತು?"

ಬಾಗಿಲು ಕರಕರನೆ ಸರಿಯಿತು. ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿದ್ದರಿಂದ ಮೊದಲು ಕಂಡಿದ್ದು ಅವಳ ಚಪ್ಪಲಿಯ ಮಟ್ಟದಲ್ಲಿದ್ದ ಅವನ ಮುಖ. ಹಣೆಯ ಮೇಲೆ ಗ್ರೀಸು. ಕಣ್ಣು ಇಷ್ಟಗಲ!

"ನೀ... ನೀವಾ?!"

"ನಾನೇ," ಎಂದಳು ಸಣ್ಣ ದನಿಯಲ್ಲಿ. ಕೂತು, ಚೀಲದಿಂದ ಇಂಜಿನ್ ತೆಗೆದು ಅವನ ಮುಂದೆ ಚಾಚಿದಳು. "ಇದನ್ನ ನಿಮಗೆ ಕೊಟ್ಟು ಸಂಘ ಬಿಡೋಣ ಅಂತಿದ್ದೆ."

ಅವನು ಟಾರ್ಚ್ ಹಿಡಿದು ಇಂಜಿನ್ನನ್ನು ತಿರುಗಿಸಿ ತಿರುಗಿಸಿ ನೋಡಿದ. ತುಟಿ ಬಿಗಿಹಿಡಿದ. ಸಾಧ್ಯವಾಗಲಿಲ್ಲ, ಫಕ್ಕನೆ ನಕ್ಕುಬಿಟ್ಟ.

"ಯಾಕೆ? ಚೆನ್ನಾಗಿಲ್ವಾ?"

"ತುಂಬಾ ಚೆನ್ನಾಗಿದೆ. ಆದ್ರೆ ಇದು ಮಸಿ ಅಲ್ಲ ರೀ... ಜೀವನಪೂರ್ತಿ ಸಿಗರೇಟ್ ಸೇದಿದ ತಾತನ ಹಲ್ಲಿನ ಥರ ಇದೆ!"

ಅವಳು ನೋಡಿದಳು. ಹೌದಲ್ಲ! ಅದೇ ಹಳದಿ, ಅದೇ ಕಂದು, ಬುಡದಲ್ಲಿ ಅದೇ ಗೆರೆ. ಕೈ ತನಗೆ ಗೊತ್ತಿದ್ದ ಕೊಳೆಯನ್ನೇ ಬಳಿದಿತ್ತು. ಇಬ್ಬರೂ ನಕ್ಕರು. ನಕ್ಕು ನಕ್ಕು ಸುಸ್ತಾದ ಮೇಲೆ ಅವನು ತಲೆ ತಗ್ಗಿಸಿದ.

"ಅವತ್ತು ಎಲ್ಲರ ಮುಂದೆ ಹಾಗೆ ಕೂಗಬಾರ್ದಿತ್ತು. ಕ್ಷಮಿಸಿ. ಅದನ್ನೇ ಬರೆಯೋಕೆ ಹೋಗ್ತಿದ್ದೆ. ಗ್ರೂಪ್‌ನಲ್ಲಿ ಬೇಕರಿ ಮಾವ ಇದ್ದಾರೆ, ನಿಮ್ಮತ್ತೆ ಇದ್ದಾರೆ... 'ಅಮ್ಮ ನಿಮ್ಮನ್ನ ನೋಡ್ಬೇಕಂತೆ' ಅಂತ ಬರೆದ್ರೆ ಸುಮ್ನೆ ಬಿಡ್ತಾರಾ? ಅಳಿಸಿಬಿಡ್ತಿದ್ದೆ."

"ನನಗೇ ನೇರವಾಗಿ ಕಳಿಸಬಹುದಿತ್ತಲ್ಲ?"

"ಕೂಗಾಡಿದೋನ ಮೆಸೇಜು ನೀವು ತೆಗೆದೂ ನೋಡಲ್ಲ ಅನ್ಕೊಂಡೆ."

*ಹುಚ್ಚಪ್ಪ! ದಿನಾ ಕಾಯ್ತಾ ಕೂತಿದ್ದೆನಲ್ಲ.* ಅವಳು ಅವನ ಕಣ್ಣನ್ನೇ ನೋಡಿದಳು.

"ನನ್ನ ನೋಡ್ಬೇಕು ಅಂದಿದ್ದು ಅಮ್ಮ ಮಾತ್ರಾನಾ?"

ಅವನು ಸ್ಪ್ಯಾನರನ್ನು ಪೆಟ್ಟಿಗೆಗೆ ಹಾಕಿದ. ಕಿವಿ ಕೆಂಪಗಾಗಿತ್ತು.

"ಅಮ್ಮನ ವಿಷಯ ಬರೆದು ಅಳಿಸಿದ್ದು ಮೊದಲ ದಿನ ಅಷ್ಟೇ. ಆಮೇಲಿನ ದಿನ ಬರೆದಿದ್ದೆಲ್ಲ... ನಂದೇ."

"ಏನಂತ?"

"ಬೆಳಿಗ್ಗೆ ನಾನು ಬರೆಯೋದಕ್ಕೆ ಎಲ್ಲರಿಗಿಂತ ಮೊದಲು ನಗೋರು ನೀವು. ಆ ನಗು ನೋಡೋಕೇ ನಾನು ಬರೀತಿದ್ದಿದ್ದು ಅಂತ. ನನ್ನ ಕೂಗಾಟಕ್ಕೆ ನೀವು ಸಂಘ ಬಿಡಬಾರ್ದು ಅಂತ. ನನಗೆ ನೀವು ಇಷ್ಟ ಅಂತ..."

ಅವಳ ಕಣ್ಣು ಮಂಜಾಯಿತು. ಅಷ್ಟು ದಿನ ತಲೆ ಕೊರೆದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಬಗ್ಗಿ, ತನ್ನ ಕರವಸ್ತ್ರದಿಂದ ಅವನ ಹಣೆಯ ಗ್ರೀಸನ್ನು ಒರೆಸಲು ಹೋದವಳು ಅರ್ಧದಲ್ಲೇ ಕೈ ತಡೆದಳು.

"ಇದು ನಿಜವಾದ ಕೊಳೆ ತಾನೆ? ಒರೆಸಬಹುದಾ?"

"ನೀವು ಕೇಳಿ ಒರೆಸ್ತಿರೋದು ಇದೇ ಮೊದಲು," ಎಂದು ಅವನು ನಕ್ಕು ಹಣೆ ಮುಂದೆ ಮಾಡಿದ. ಅವಳು ಮೆಲ್ಲಗೆ, ತೀರಾ ಮೆಲ್ಲಗೆ ಒರೆಸಿದಳು.

ಅವನು ಕೈ ಕೊಟ್ಟು ಅವಳನ್ನು ಕೆಳಗಿಳಿಸಿಕೊಂಡ. ಒಂದೆರಡು ತಂತಿ ಸರಿಮಾಡಿದ. ಲಿಫ್ಟ್ ಮಹಡಿಯ ಮಟ್ಟಕ್ಕೆ ಬಂದು ನಿಂತು, ದೀಪ ಹೊತ್ತಿಸಿಕೊಂಡು ಬಾಗಿಲು ತೆರೆಯಿತು.

"ಸರಿಯಾಯ್ತು. ಇಳಿಯೋಣ್ವಾ?"

ಅವಳು ಬೇಡವೆಂದು ತಲೆಯಾಡಿಸಿ ಮೆಟ್ಟಿಲಿನ ಕಡೆ ತಿರುಗಿದಳು. ಹೋಗುತ್ತಾ ಅವನ ಕೈಯನ್ನು ಮತ್ತೆ ಹಿಡಿದುಕೊಂಡಳು.

"ಇದರಲ್ಲಿ ಬೇಗ ಮುಟ್ಟಿಬಿಡ್ತೀವಿ. ನನಗಿನ್ನೂ ಕೇಳೋದು ತುಂಬಾ ಇದೆ."

"ಏನೇನು?"

"ಮೊದಲು... 'ನೀವು ಇಷ್ಟ' ಅಂದ್ರಲ್ಲ, ಅದನ್ನ ಇನ್ನೊಂದ್ ಸಲ ಹೇಳಿ."

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು. ನನಗೂ ಅಷ್ಟೇ ಅಂತ ಹೇಳೋಕೆ ಆಗ ಧೈರ್ಯ ಬಂದಿರ್ಲಿಲ್ಲ."