ಥಿಯೊಫಾನೊಗೆ ತಲುಪದ ಕಾಗದಗಳು

"ಆ ಕಾಗದದ ಕಂತೆ ಬಿಚ್ಚಬೇಡ ಮಗಳೇ. ಇವತ್ತು ಪಕ್ಕದ ಮನೆ ಲಾಂಬ್ರೋಸ್‌ನ ಮಣ್ಣು. ಹೆಣದ ಪೆಟ್ಟಿಗೆ ಮುಚ್ಚೋ ಮೊದಲು ಅವನ ಕೈಕೆಳಗೆ ಇಟ್ಟುಬಿಡೋಣ," ಎಂದಳು ಮಿರ್ಸಿನಿ ಅಜ್ಜಿ.

ಇಸ್ಮಿನಿಗೆ ನಗು ಬಂತು. "ನಿಮ್ಮೂರಲ್ಲಿ ಹೆಣಾನೇ ಅಂಚೆಯವನಾ, ಅಜ್ಜಿ?"

"ನಗು, ನಗು. ಸತ್ತವರಿಗೆ ಬರೆದದ್ದನ್ನ ಸತ್ತವರೇ ಒಯ್ಯಬೇಕು. ಬದುಕಿರೋರು ಓದಿದ್ರೆ, ಅವರೇ ಹೋಗಿ ಕೊಡಬೇಕು. ಎವಾಂಥಿಯಾ ಹಾಗಂತ ಕಟ್ಟು ಹಾಕಿದಾಳೆ."

ಎವಾಂಥಿಯಾ ಹೋದ ಶತಮಾನದ ಕವಯತ್ರಿ. ಗೆಳತಿ ಥಿಯೊಫಾನೊ ಹರೆಯದಲ್ಲೇ ತೀರಿಕೊಂಡ ಮೇಲೂ ಮೂವತ್ತು ವರ್ಷ ಅವಳಿಗೆ ಬರೆದಳು. ಊರಿನ ಒಂದೊಂದು ಹೆಣದ ಜೊತೆ ಒಂದೊಂದು ಕಾಗದ. ಎವಾಂಥಿಯಾಳೇ ಸತ್ತಾಗ, ಖುದ್ದಾಗಿ ಹೋಗುವವಳಿಗೆ ಕಾಗದವೇಕೆಂದು ಈ ಮನೆಯವರು ಕೊನೆಯ ಕಂತೆಯನ್ನು ಉಳಿಸಿಕೊಂಡರು. ತಪ್ಪಾದದ್ದು ಅಲ್ಲೇ. ಅವಳು ಅದಕ್ಕೆ ತನ್ನ ಕೂದಲನ್ನೇ ಸುತ್ತಿ, ಒಂಬತ್ತು ಗಂಟು ಹಾಕಿ, ಮೇಣ ಬಿಟ್ಟಿದ್ದಳು.

ಪಟ್ಟಣದ ಗ್ರಂಥಾಲಯದಿಂದ ಎರಡು ದಿನ ಹೇಸರಗತ್ತೆಯ ಮೇಲೆ ಬಂದ ಇಸ್ಮಿನಿಗೆ ಸೊಂಟ ಬಿದ್ದುಹೋಗಿತ್ತು. ಬೇಗ ಕಾಗದಗಳನ್ನು ನಕಲು ಮಾಡಿಕೊಂಡು ಮಲಗಿದರೆ ಸಾಕಿತ್ತು. ಅಜ್ಜಿ ಕಾಫಿಗೆಂದು ಒಳಗೆ ಹೋದಳು. ಇಸ್ಮಿನಿ ಕೂದಲನ್ನು ಕತ್ತರಿಸಿದಳು.

ಹಳೇ ಮೇಣದ ವಾಸನೆ. ಅದರಡಿಯಿಂದ ಈಗಷ್ಟೇ ಅಗೆದ ಮಣ್ಣಿನ ವಾಸನೆ. ಮೊದಲ ಹಾಳೆಗಳಲ್ಲಿ ಹಿಮ, ಕೆಮ್ಮು, ಯಾರದೋ ಮದುವೆ. ಓದುತ್ತ ಪಾದ ತಣ್ಣಗಾಯಿತು. ಮೊಣಕಾಲು ತಣ್ಣಗಾಯಿತು. ನಡುಮಧ್ಯಾಹ್ನದಲ್ಲಿ ಕೋಣೆ ಕತ್ತಲಾಯಿತು. ಕೊನೆಯ ಹಾಳೆ. ಶಾಯಿ ಇನ್ನೂ ಹಸಿ.

'ಇಸ್ಮಿನಿಯ ಕೈಲಿ ಕಳಿಸಿದ್ದೇನೆ. ಸಂಜೆಗೆ ತಲುಪುತ್ತಾಳೆ.'

ಇಸ್ಮಿನಿ ಕೂಗಿದಳು. ಬಾಯಲ್ಲಿ ಮಣ್ಣಿನ ರುಚಿ. ಹೊರಗೆ ಚರ್ಚಿನ ಗಂಟೆ ನಿಧಾನಕ್ಕೆ ಬಡಿಯುತ್ತಿತ್ತು.

ಅಜ್ಜಿ ಬಂದು ನೋಡಿದಳು. ಬೈಯಲಿಲ್ಲ.

"ಪೆಟ್ಟಿಗೆಗೆ ಹಾಕೋಣ ಅಜ್ಜಿ, ಈಗಲೇ."

"ಒಡೆದ ಕಾಗದಾನ ಹೆಣ ಒಯ್ಯಲ್ಲ." ಅಜ್ಜಿ ಉಸ್ಸೆಂದು ಕುರ್ಚಿ ಎಳೆದು ಎದುರಿಗೆ ಕೂತಳು. "ನಂಗೆ ಓದಕ್ಕೆ ಬರಲ್ಲ. ನೀನೇ ಓದಿ ಹೇಳು. ಯಾರು ಕಡೆಗೆ ಕೇಳಿಸಿಕೋತಾರೋ ಹೊರೆ ಅವರದ್ದು."

"ನೀವು ಸಾಯ್ತೀರಿ."

"ಎಂಬತ್ನಾಲ್ಕು ಆಯ್ತಲ್ಲ. ಗಂಡನ್ನ ಹೊತ್ತೆ, ಇಬ್ಬರು ಮಕ್ಕಳನ್ನ ಹೊತ್ತೆ. ಕಾಗದ ಏನು ಭಾರ. ಓದು, ತಡ ಮಾಡಬೇಡ."

ಇಸ್ಮಿನಿ ಓದತೊಡಗಿದಳು. ಮೊದಲ ಹಾಳೆ ಮುಗಿಯುವಷ್ಟರಲ್ಲಿ ಅವಳ ಮೊಣಕಾಲಿಗೆ ಬಿಸಿ ಬಂತು. ಎರಡನೆಯದಕ್ಕೆ ಕಾಲ್ಬೆರಳು ಅಲುಗಿದವು. ಅಜ್ಜಿಯ ಉಗುರು ನೀಲಿಯಾಗುತ್ತಿತ್ತು. ಇಸ್ಮಿನಿಯ ದನಿ ನಿಂತಿತು.

"ಆಮೇಲೆ?" ಕಣ್ಣು ಮುಚ್ಚಿಕೊಂಡೇ ಅಜ್ಜಿ ಕೇಳಿದಳು. "ಆ ಹುಡುಗಿಗೆ ಮದುವೆ ಆಯ್ತಾ?"

ಇನ್ನು ನಾಲ್ಕು ಹಾಳೆಗಳಿದ್ದವು. ನಿಲ್ಲಿಸಬಹುದಿತ್ತು.

ಇಸ್ಮಿನಿ ಬೆರಳು ಒದ್ದೆ ಮಾಡಿಕೊಂಡು ಹಾಳೆ ಮಗುಚಿದಳು.