ನಾಲ್ಕುದಾರಿಯ ಕುಡಿಕೆ

"ಮುಟ್ಟಬ್ಯಾಡವಾ! ಉತಾರಾ ಐತಿ ಅದು!"

ಇಂದಿರಾ ಹಿಂದಿನಿಂದ ಕೂಗುವಷ್ಟರಲ್ಲಿ ಅಪೂರ್ವಾ ಬಗ್ಗಿ ಆ ಕುಡಿಕೆಯನ್ನು ಎತ್ತಿಕೊಂಡಾಗಿತ್ತು.

ಅಂಗೈಯಗಲದ ಮಣ್ಣಿನ ಕುಡಿಕೆ. ಕೊರಳಿಗೆ ಕೆಂಪು ದಾರ. ಒಳಗೆ ಇದ್ದಿಲು, ಉದ್ದಿನ ಕಾಳು, ಕುಂಕುಮ ಮೆತ್ತಿದ ನಿಂಬೆಹಣ್ಣು, ಯಾವುದೋ ಮಗುವಿನ ಮಣಿಕಟ್ಟಿನಿಂದ ಕತ್ತರಿಸಿದಂತಿದ್ದ ಒಂದು ತುಂಡು ಕರಿದಾರ. ಕರ್ಪೂರದ ವಾಸನೆ ಮೊದಲು ಬಂತು. ಅದರಡಿಯಲ್ಲಿ ಹುಳಿತ ಹಾಲಿನಂಥ ಇನ್ನೊಂದು ವಾಸನೆ.

"ಉತಾರಾ ಅಂದ್ರೆ ಏನು ಆಂಟಿ?"

"ಜಡ್ಡು ಬಿದ್ದವರ ಮೈಮ್ಯಾಲಿಂದ ಏಳು ಸಲ ಇಳಿಸಿ, ನಾಲ್ಕು ದಾರಿ ಕೂಡೋ ಕಡೆ ಇಟ್ಟು ಹೋಗ್ತಾರ. ತಾನಾಗಿ ಎತ್ತಿಕೊಂಡವರಿಗೆ ಆ ಜಡ್ಡು ಹತ್ತತೈತಿ. ಇಟ್ಟುಬಿಡು ನಮ್ಮವ್ವಾ, ನಿನಗ ಕೈ ಮುಗೀತೀನಿ."

"ರೋಗಕ್ಕೂ ಟ್ರಾನ್ಸ್‌ಫರ್ರಾ? ನಿಮ್ಮ ಯಜಮಾನ್ರ ರೈಲ್ವೆ ನೌಕರಿ ಇದ್ದ ಹಾಗೆ!" ಎಂದು ಅಪೂರ್ವಾ ಗಹಗಹಿಸಿ ನಕ್ಕಳು. ಒಳಗಿದ್ದದ್ದನ್ನೆಲ್ಲ ಅಲ್ಲೇ ದಾರಿಯಲ್ಲಿ ಕೊಡವಿದಳು.

ಸೂರತ್‌ನಿಂದ ಒಂದು ಗಂಟೆಯ ದಾರಿ ಈ ಕಾಂಠಪೋರ್. ಯಾವ ಪುಣ್ಯಾತ್ಮನೋ ಇದನ್ನು ಸರ್ಫಿಂಗ್ ಹಳ್ಳಿಯೆಂದು ಜಾಹೀರಾತು ಕೊಟ್ಟಿದ್ದ. ಅಲೆ ಮೊಣಕಾಲು ದಾಟುವುದಿಲ್ಲ. ನೀರು ಚಹಾದ ಬಣ್ಣ. ಇಳಿತದ ಹೊತ್ತಿಗೆ ಸಮುದ್ರ ಎಲ್ಲಿ ಹೋಯಿತೆಂದು ಹುಡುಕಬೇಕು, ಕಣ್ಣಿಗೆ ಬೀಳುವುದು ಬರೀ ಕೆಸರು. ಆದರೂ ಜನ ಬಂದರು! ಆಫೀಸಿಗೆ ಹೋಗದೆ ಲ್ಯಾಪ್‌ಟಾಪಿನಲ್ಲೇ ದುಡಿಯುವ ಹತ್ತು ಮಂದಿ ಒಂದೇ ಮನೆಯಲ್ಲಿ ಉಳಿಯುತ್ತಿದ್ದರು. ಅಡುಗೆಮನೆ ಒಂದು, ವೈಫೈ ಒಂದು, ಸರ್ಫಿಂಗ್ ಹಲಗೆಗಳು ನಾಲ್ಕು. ಆ ಮನೆ ನೋಡಿಕೊಳ್ಳುತ್ತಿದ್ದವಳು ಹುಬ್ಬಳ್ಳಿಯ ಇಂದಿರಾ. ಗಂಡನಿಗೆ ಸೂರತ್‌ಗೆ ವರ್ಗವಾದಾಗ ಬಂದವಳು ಇಲ್ಲೇ ನಿಂತಿದ್ದಳು. ಅಪೂರ್ವಾ ತುಮಕೂರಿನವಳು, ಎರಡು ವರ್ಷದಿಂದ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಫ್ಲ್ಯಾಟು ಹಿಡಿದಿದ್ದಳು. ಗೋಡೆ ನೋಡಿ ನೋಡಿ ಬೇಜಾರಾಗಿ ಒಂದು ತಿಂಗಳಿಗೆಂದು ಇಲ್ಲಿಗೆ ಬಂದಿದ್ದಳು.

ಕುಡಿಕೆಯನ್ನು ಸೋಪು ಹಾಕಿ ತೊಳೆದು, ಪೆನ್ನು ತುಂಬಿಸಿ, ವಿಡಿಯೋ ಕಾಲ್‌ನಲ್ಲಿ ಕಾಣುವ ಹಾಗೆ ಬೆನ್ನ ಹಿಂದಿನ ಕಿಟಕಿಯಲ್ಲಿಟ್ಟಳು. ಚೆಂದ ಕಂಡಿತು.

ಮರುದಿನ ಬೆಳಗಿನ ಮೀಟಿಂಗಿನಲ್ಲಿ ಟೀಮ್ ಲೀಡ್ ರೋಹಿತ್ ಮಾತು ನಿಲ್ಲಿಸಿದ. "ಯಾರಿಗೋ ಉಬ್ಬಸ ಇದೆ ಅನ್ಸುತ್ತೆ. ದಯವಿಟ್ಟು ಮ್ಯೂಟ್ ಮಾಡ್ಕೊಳ್ಳಿ."

ಎಲ್ಲರೂ ಮ್ಯೂಟ್ ಮಾಡಿಕೊಂಡರು. ಶಬ್ದ ನಿಲ್ಲಲಿಲ್ಲ. ಸಣ್ಣ ಸೀಟಿಯ ಶಬ್ದ. ಎಳೆಯುವುದು, ತಡೆಯುವುದು, ಮತ್ತೆ ಎಳೆಯುವುದು. ದೊಡ್ಡವರ ಉಸಿರಲ್ಲ ಅದು, ಎಳೆಯ ಎದೆಯದು.

"ಅಪೂರ್ವಾ, ನಿಮ್ಮ ಕಡೆಯಿಂದಲೇ ಬರ್ತಿದೆ. ಪಕ್ಕದಲ್ಲಿ ಮಗು ಇದೆಯಾ?"

ಅವಳು ಹೆಡ್‌ಫೋನಿನ ತಂತಿ ಕಿತ್ತಳು. ಲ್ಯಾಪ್‌ಟಾಪ್ ಮುಚ್ಚಿದಳು. ಸೀಟಿ ಕೇಳುತ್ತಲೇ ಇತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಮೇಲೆ ಗೊತ್ತಾಯಿತು, ಅದು ಅವಳ ಎದೆಯೊಳಗಿನಿಂದಲೇ ಬರುತ್ತಿತ್ತು.

ಮೂರನೆಯ ದಿನ ಮೆಟ್ಟಿಲು ಹತ್ತುವುದಕ್ಕಾಗಲಿಲ್ಲ. ನಾಲ್ಕನೆಯ ದಿನ ಸೂರತ್‌ಗೆ ಹೋಗಿ ಡಾಕ್ಟರಿಗೆ ತೋರಿಸಿದಳು. ಎಕ್ಸ್‌ರೇ ಸ್ವಚ್ಛ, ರಕ್ತ ಸ್ವಚ್ಛ. ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸಿದ ಯಂತ್ರ ಮಾತ್ರ ತೊಂಬತ್ತೊಂದು ತೋರಿಸುತ್ತಿತ್ತು. ಡಾಕ್ಟರು ಯಂತ್ರ ಬದಲಾಯಿಸಿ ನೋಡಿದರು. ಆಗ ತೊಂಬತ್ತು. ಆಮ್ಲಜನಕ ಕೊಟ್ಟರು. ಮೂಗಿನವರೆಗೆ ಬಂದ ಗಾಳಿ ಒಳಗಿಳಿಯಲಿಲ್ಲ, ಬಾಗಿಲಲ್ಲಿ ಯಾರೋ ಕೈ ಅಡ್ಡ ಹಿಡಿದ ಹಾಗೆ. ಎರಡು ರಾತ್ರಿ ಮಲಗಿಸಿಕೊಂಡು, ಕಾರಣ ತಿಳಿಯದೆ, ಅಹಮದಾಬಾದಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು.

ಏಳನೆಯ ದಿನ ಬ್ಯಾಗು ತೆಗೆದುಕೊಳ್ಳಲು ಕಾಂಠಪೋರ್‌ಗೆ ಬಂದವಳು ಅಡುಗೆಮನೆಯ ನೆಲದ ಮೇಲೆ ಕುಸಿದಳು. ಆಸ್ಪತ್ರೆಯಿಂದ ತಂದಿದ್ದ ಬೆರಳಿನ ಯಂತ್ರದಲ್ಲಿ ಎಂಬತ್ತೆರಡು. ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಯ್ಯೋ, ನಗುವುದಿರಲಿ, ಒಂದು ಮಾತಿಗೆ ಮೂರು ಸಲ ಉಸಿರು ಹುಡುಕಬೇಕಾಗಿತ್ತು.

"ಆಂಟಿ... ಏನಾದ್ರೂ... ಮಾಡಿ. ನಾನು... ಸಾಯ್ತೀನಿ."

ಇಂದಿರಾ ತಲೆ ಮೇಲೆತ್ತಲಿಲ್ಲ. "ಒಂದ ದಾರಿ ಐತಿ. ಯಾರ ಮೈಯಿಂದ ಇಳಿಸ್ಯಾರೋ ಅವರ ಕೈಗೇ ಆ ಕುಡಿಕಿ ವಾಪಸ್ ಮುಟ್ಟಬೇಕು. ಬ್ಯಾರೆಯವರಿಗೆ ಕೊಟ್ರ ಹೋಗಂಗಿಲ್ಲ. ಒಡದ್ರ ನಿನ್ನ ಉಸಿರೂ ಅದರ ಜೋಡಿ ಹೋಗತೈತಿ."

"ಯಾರದು?"

"ಕೇಳಬ್ಯಾಡ. ಹೊಳ್ಳಿ ಬಂದ ಜಡ್ಡು ಬಿಡಂಗಿಲ್ಲ. ಕೊಟ್ಟೀ ಅಂದ್ರ ಅವರು ಉಳಿಯಂಗಿಲ್ಲ."

"ಯಾರದು ಆಂಟಿ!"

ಇಂದಿರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೊನೆಗೆ ಹೇಳಿದಳು. ಮೀನುಗಾರರ ಓಣಿ, ಕೊನೆಯ ಮನೆ, ಸಾವಿತ್ರಿ. ಅವಳ ಮಗಳು ತೇಜಲ್. ನಾಲ್ಕು ವರ್ಷದ ಕೂಸು.

ನಡು ಮಧ್ಯಾಹ್ನ. ಓಣಿಯ ಎರಡೂ ಬದಿ ಬಿದಿರುಗಳಿಗೆ ಮೀನು ಒಣಹಾಕಿದ್ದರು. ನೊಣಗಳ ಗುಂಯ್. ಉಪ್ಪಿನ, ಕೊಳೆತದ ನಾತ. ಅಪೂರ್ವಾ ಕುಡಿಕೆಯನ್ನು ಎದೆಗೊತ್ತಿಕೊಂಡು ಗೋಡೆ ಹಿಡಿದು ನಡೆದಳು. ಹತ್ತು ಹೆಜ್ಜೆಗೊಮ್ಮೆ ಕುಕ್ಕರಿಸಿ ಕೂತಳು. ಸುಡುವ ಬಿಸಿಲಿನಲ್ಲೂ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಕೊಟ್ಟುಬಿಡುತ್ತೇನೆ ಎಂದುಕೊಂಡಳು. ಅವರು ನನ್ನ ಮುಖ ನೋಡಿದ್ದರೇ? ನಾನೇಕೆ ನೋಡಲಿ?

ಕೊನೆಯ ಮನೆಯ ಅಂಗಳದಲ್ಲಿ ಒಂದು ಮಗು ಕೋಳಿಯ ಹಿಂದೆ ಓಡುತ್ತಿತ್ತು. ಕಿಲಕಿಲ ನಗುತ್ತ ಸುತ್ತು ಹೊಡೆಯುತ್ತಿತ್ತು. ಬಾಗಿಲಲ್ಲಿ ಕೂತ ತಾಯಿ ಅದನ್ನೇ ನೋಡುತ್ತಿದ್ದಳು, ಮಗು ಓಡುವುದನ್ನು ಈಗಷ್ಟೇ ಕಂಡವಳ ಹಾಗೆ.

ಸಾವಿತ್ರಿಗೆ ಮೊದಲು ಕಂಡದ್ದು ಕುಡಿಕೆ. ಎದ್ದು ಬಂದು ಕಾಲಿಗೆ ಬಿದ್ದಳು.

"ಬೇಡ ಬೆನ್, ಬೇಡ ಅಕ್ಕಾ," ಎಂದಳು ಹರಕು ಹಿಂದಿಯಲ್ಲಿ. "ಮೂರು ವರ್ಷ, ಪ್ರತಿ ಅಮಾವಾಸ್ಯೆಗೂ ಇಟ್ಟೆ. ಊರಿನವರು ಯಾರೂ ಎತ್ತಲಿಲ್ಲ. ಗೊತ್ತಿದ್ದವರು ಯಾರು ಎತ್ತುತ್ತಾರೆ? ಗೊತ್ತಿಲ್ಲದವರನ್ನು ಕಳಿಸು ಅಂತ ದೇವಿಗೆ ಹರಕೆ ಹೊತ್ತೆ. ಪಾಪ ನನ್ನದು. ನನ್ನನ್ನು ಕೊಲ್ಲಿ. ಅವಳನ್ನು ಬಿಡಿ."

"ನಾನು... ನಿನಗೆ... ಏನು ಮಾಡಿದ್ದೆ?" ಅಪೂರ್ವಾಳಿಗೆ ಸಿಟ್ಟು ಬಂತು. ಸಿಟ್ಟಿಗೂ ಉಸಿರು ಸಾಲಲಿಲ್ಲ.

"ಏನೂ ಮಾಡಿಲ್ಲ. ನೀವೇನೂ ಮಾಡಿಲ್ಲ."

ಸಾವಿತ್ರಿ ಕುಡಿಕೆಗೆ ಕೈ ಹಾಕಿದಳು. ನನಗೆ ಬರಲಿ, ನನಗೆ ಬರಲಿ ಎಂದು ಹಣೆಗೊತ್ತಿಕೊಂಡಳು. ಏನೂ ಆಗಲಿಲ್ಲ. ಕುಡಿಕೆ ಅಪೂರ್ವಾಳ ಅಂಗೈಗೆ ಮೊಳೆ ಹೊಡೆದಂತೆ ಅಂಟಿತ್ತು. ತಾಯಿ ನೆಲದ ಮೇಲೆ ಹೊರಳಾಡಿ ಅತ್ತಳು.

ಅದನ್ನು ನೋಡಲಾಗಲಿಲ್ಲ. ಸತ್ಯ ಹೇಳಬೇಕು, ಆ ಕ್ಷಣ ಅಪೂರ್ವಾ ಹಿಂದಕ್ಕೆ ತಿರುಗಿದ್ದಳು. ನಾಲ್ಕು ಹೆಜ್ಜೆ ಇಟ್ಟಿದ್ದಳು. ಹೋಗಲಿ, ನನ್ನದಿಷ್ಟೇ, ಎಂದುಕೊಂಡಿದ್ದಳು.

ಐದನೆಯ ಹೆಜ್ಜೆಗೆ ಎದೆ ಮುಚ್ಚಿಕೊಂಡಿತು.

ಗಾಳಿಯಿಲ್ಲ. ಬಾಯಿ ತೆರೆದಳು. ಇಲ್ಲ. ಮೊಣಕಾಲೂರಿದಳು. ಕಿವಿಯಲ್ಲಿ ಸಮುದ್ರದ ಮೊರೆತ. ಬಿಸಿಲು ಆರಿತು. ಓಣಿ ಕಪ್ಪಾಯಿತು. ಎಳೆದಳು. ಇಲ್ಲ. ಮತ್ತೆ ಎಳೆದಳು. ಇಲ್ಲ.

ಕೈಯಲ್ಲಿ ಏನೋ ಅಲುಗಿತು.

ಕಣ್ಣು ತೆರೆದರೆ ಎದುರಿಗೆ ತೇಜಲ್. ಬೆವರಿದ ಹಣೆ, ಮಣ್ಣಾದ ಗಲ್ಲ. ಬಿದ್ದವಳಿಗೆ ಭಾರವಾಯಿತೆಂದು ತಿಳಿದಳೋ ಏನೋ, ಕುಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿದ್ದಳು. ತಾಯಿ ಕಿರುಚುತ್ತ ಎದ್ದು ಓಡಿಬರುತ್ತಿದ್ದಳು. ಐದು ಹೆಜ್ಜೆ ದೂರ. ನಾಲ್ಕು.

ಬಿಗಿಯಾಗಿ ಹಿಡಿದಿದ್ದರೆ ಸಾಕಿತ್ತು. ಮಗುವಿನ ಬಲ ಎಷ್ಟು?

ಮೂರು ಹೆಜ್ಜೆ.

ಅಪೂರ್ವಾ ಬೆರಳು ಸಡಿಲಿಸಿದಳು.

ಗಾಳಿ ಒಳಗೆ ನುಗ್ಗಿತು. ಒಣಮೀನಿನ ನಾತದ, ಕೆಸರಿನ, ಬಿಸಿ ಗಾಳಿ. ಅವಳು ಮುಖ ಆಚೆ ತಿರುಗಿಸಿ ಅದನ್ನು ಗಟಗಟನೆ ಕುಡಿದಳು. ಅಳು ಬಂತು. ಬದುಕಿದೆ ಎನಿಸಿತು.

ಬೆನ್ನ ಹಿಂದೆ ಸಣ್ಣ ಸೀಟಿ ಶುರುವಾಯಿತು. ಎಳೆಯುವುದು, ತಡೆಯುವುದು.

"ಒಮ್ಮೆ ತಿರುಗಿ ನೋಡು! ಒಮ್ಮೆಯಾದರೂ ಅವಳ ಮುಖ ನೋಡು!" ಎಂದು ಸಾವಿತ್ರಿ ಕೂಗಿದಳು.

ಅಪೂರ್ವಾ ನೋಡಲಿಲ್ಲ. ಎದ್ದಳು. ಮೊದಲು ಬೇಗಬೇಗ ನಡೆದಳು. ಆಮೇಲೆ ಓಡಿದಳು. ಈಗ ಅವಳಿಗೆ ಓಡುವಷ್ಟು ಉಸಿರಿತ್ತು.